ಪೆಡ್ರಿಯ ಮೊದಲ ವರ್ಷಗಳು: ಆಡಿಸಿದ್ದು ಅತಿಯಾಯಿತಾ?

ನಡುಅಂಗಳ:

ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ನಡುಆಟಗಾರ ಪೆಡ್ರಿಗೆ ಪದೇ ಪದೇ ಆಗುತ್ತಿದ್ದ ಗಾಯಗಳ ಬಗ್ಗೆ ಮೊನ್ನೆ ಬೇರೊಂದು ಚರ್ಚೆಯಲ್ಲಿ ಒಬ್ಬರು "ಪೆಡ್ರಿ ಮೈಯೇ ಅಷ್ಟು, ಸೂಕ್ಷ್ಮ, ಏನೂ ಮಾಡೋಕಾಗಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟರು. ಅಲ್ಲೇ ಉತ್ತರ ಬರೆಯಲು ಕೂತರೆ ಉದ್ದವಾಯಿತು, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ. ನನ್ನ ವಾದ ಇಷ್ಟು: ಆ ಹುಡುಗನ ಮೈ ಹುಟ್ಟಾ ಸೂಕ್ಷ್ಮವಲ್ಲ. 2020ರ ಸೆಪ್ಟೆಂಬರಿನಿಂದ 2021ರ ಸೆಪ್ಟೆಂಬರಿನವರೆಗೆ ಒಂದು ವರ್ಷ ಅವನನ್ನು ಹಿಂಡಿದ್ದರ ಫಲವನ್ನು ಅವನು ಮುಂದಿನ ಮೂರು ವರ್ಷ ಅನುಭವಿಸಿದ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದಿಷ್ಟು. ಪೆಡ್ರೊ ಗೊನ್ಸಾಲೆಸ್ ಲೋಪೆಸ್, ಅಂದರೆ ಪೆಡ್ರಿ, ಹುಟ್ಟಿದ್ದು 2002ರ ನವೆಂಬರ್ 25ಕ್ಕೆ. ಊರು ಟೆನೆರಿಫೆ ದ್ವೀಪದ ತೆಗೆಸ್ತೆ. ಕನೇರಿ ದ್ವೀಪಗಳು ಸ್ಪೇನಿನವೇ ಆದರೂ ಇರುವುದು ಆಫ್ರಿಕಾದ ತೀರದ ಹತ್ತಿರ. ಮನೆಯವರು ಊಟದಂಗಡಿ ನಡೆಸುವವರು. ಅಜ್ಜ ಆ ಊರಲ್ಲಿ ಬಾರ್ಸಿಲೋನಾ ಅಭಿಮಾನಿಗಳ ಸಂಘ ಕಟ್ಟಿದವರು, ಅಂಗಡಿಯೇ ಸಂಘದ ಠಿಕಾಣಿ. ಹುಡುಗ ಒಮ್ಮೆ ರಿಯಲ್ ಮ್ಯಾಡ್ರಿಡ್‌ನಲ್ಲಿ ಟ್ರಯಲ್‌ಗೆ ಹೋಗಿದ್ದ. ಅಲ್ಲಿ ಆ ದಿನಗಳಲ್ಲಿ ಹಿಮ ಬಿದ್ದು ಸರಿಯಾಗಿ ಅಭ್ಯಾಸವೇ ನಡೆಯಲಿಲ್ಲ, ಕೊನೆಗೆ ನಮ್ಮ ಮಟ್ಟಕ್ಕಿಲ್ಲ ಎಂದು ವಾಪಸು ಕಳಿಸಿದರು. ಇದನ್ನು ಅವನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.

2018ರಲ್ಲಿ ಪಕ್ಕದ ದ್ವೀಪದ ಲಾಸ್ ಪಾಲ್ಮಾಸ್ ಸೇರಿದ. 2019ರ ಆಗಸ್ಟ್ 18ಕ್ಕೆ ವೆಸ್ಕಾ ವಿರುದ್ಧ ಸ್ಪೇನಿನ ಎರಡನೇ ಡಿವಿಜನ್‌ನಲ್ಲಿ ಮೊದಲ ಪಂದ್ಯ. ಆಗ ಹದಿನಾರು. ಹದಿನೈದು ದಿನ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 2ಕ್ಕೆ, ಬಾರ್ಸಿಲೋನಾ 50 ಲಕ್ಷ ಯೂರೊ ಮತ್ತು ಮೇಲಿನ ಬೋನಸ್‌ಗಳಿಗೆ ಒಪ್ಪಂದ ಮಾಡಿಕೊಂಡಾಗಿತ್ತು. ಆ ಸೀಸನ್ ಮಾತ್ರ ಲಾಸ್ ಪಾಲ್ಮಾಸ್‌ನಲ್ಲೇ ಆಡಿದ. ಸೆಪ್ಟೆಂಬರ್ 19ಕ್ಕೆ ಸ್ಪೋರ್ಟಿಂಗ್ ಹಿಹೋನ್ ವಿರುದ್ಧ ಗೋಲು ಹೊಡೆದು ಆ ಕ್ಲಬ್ಬಿನ ಚರಿತ್ರೆಯಲ್ಲೇ ಅತಿ ಕಿರಿಯ ಗೋಲುಗಾರನಾದ.

ಈಗ ನನ್ನ ವಾದಕ್ಕೆ ಬೇಕಾದ ವರ್ಷ. 2020ರ ಆಗಸ್ಟಿನಲ್ಲಿ ಜರ್ಮನಿಯ ಬಾಯರ್ನ್ ಕೈಲಿ ಬಾರ್ಸಿಲೋನಾಕ್ಕೆ 8-2ರ ಸೋಲು, ಕೋಚ್ ಸೆತಿಯೆನ್ ಮನೆಗೆ, ಮೆಸ್ಸಿ ನಾನು ಹೋಗುತ್ತೇನೆ ಎಂದು ಪತ್ರ ಬರೆದದ್ದು. ಇಂಥ ಗಲಾಟೆಯ ಮಧ್ಯೆ ಪೆಡ್ರಿ ಒಳಗೆ ಕಾಲಿಟ್ಟ. ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಬೇರೆ ಕ್ಲಬ್ಬಿಗೆ ಕಳಿಸಬಹುದಿತ್ತು, ಹೊಸ ಕೋಚ್ ಕೂಮನ್ ಉಳಿಸಿಕೊಂಡರು. ಸೆಪ್ಟೆಂಬರ್ 27ಕ್ಕೆ ವಿಯ್ಯಾರಿಯಲ್ ವಿರುದ್ಧ ಕೊನೆಯಲ್ಲಿ ಇಳಿದ. ಅಕ್ಟೋಬರ್ 24ಕ್ಕೆ ರಿಯಲ್ ಮ್ಯಾಡ್ರಿಡ್ ವಿರುದ್ಧ ಮೊದಲ ಹನ್ನೊಂದರಲ್ಲೇ ಇದ್ದ. ಅಲ್ಲಿಂದ ನಿಲ್ಲಲೇ ಇಲ್ಲ. 2021ರ ಮಾರ್ಚ್ 25ಕ್ಕೆ ಗ್ರೀಸ್ ವಿರುದ್ಧ ಸ್ಪೇನ್ ಸೀನಿಯರ್ ತಂಡಕ್ಕೆ ಪದಾರ್ಪಣೆ. ಏಪ್ರಿಲ್ 17ಕ್ಕೆ ಸ್ಪೇನಿನ ಕಪ್ ಟೂರ್ನಿ ಕೋಪಾ ದೆಲ್ ರೇ ಫೈನಲ್. ಜೂನ್ 14ರಿಂದ ಯುರೋಪಿನ ದೇಶಗಳ ಟೂರ್ನಿ ಯೂರೊ. ಜುಲೈ 6ಕ್ಕೆ ವೆಂಬ್ಲಿಯಲ್ಲಿ ಇಟಲಿ ವಿರುದ್ಧ ಸೆಮಿಫೈನಲ್, 120 ನಿಮಿಷ. ಹದಿನಾರು ದಿನ ಕಳೆದು ಜುಲೈ 22ಕ್ಕೆ ಸಪ್ಪೊರೊದಲ್ಲಿ ಈಜಿಪ್ಟ್ ವಿರುದ್ಧ ಒಲಿಂಪಿಕ್ಸ್ ಪಂದ್ಯ. ಆಗಸ್ಟ್ 7ಕ್ಕೆ ಯೊಕೊಹಾಮಾದಲ್ಲಿ ಬ್ರೆಜಿಲ್ ವಿರುದ್ಧ ಫೈನಲ್, ಮತ್ತೆ ಹೆಚ್ಚುವರಿ ಸಮಯ. ಆಗಸ್ಟ್ 15ಕ್ಕೆ ಬಾರ್ಸಿಲೋನಾಕ್ಕೆ ಸ್ಪೇನಿನ ಮೊದಲ ಡಿವಿಜನ್ ಲಾ ಲಿಗಾ ಶುರು, ಅಂದೂ ಕಣದಲ್ಲಿದ್ದ!

ಕ್ಲಬ್, ದೇಶ, ಕಿರಿಯರ ತಂಡ, ಒಲಿಂಪಿಕ್ಸ್ ಎಲ್ಲ ಕೂಡಿಸಿದರೆ ಒಂದೇ ಸೀಸನ್ನಿಗೆ 70 ಪಂದ್ಯ ದಾಟುತ್ತದೆ. ಹದಿನೆಂಟರ ಹುಡುಗನಿಗೆ. ಸೆಪ್ಟೆಂಬರ್ 14ಕ್ಕೆ ಬಾಯರ್ನ್ ವಿರುದ್ಧ ತೊಡೆಯ ಸ್ನಾಯು ಹೋಯಿತು. ತಿಂಗಳ ಕೊನೆಗೆ ಬೆನ್‌ಫಿಕಾ ವಿರುದ್ಧ ಅವಸರದಲ್ಲಿ ಇಳಿಸಿದರು, ಮತ್ತೆ ಹೋಯಿತು. ಹೊಸ ವರ್ಷ ಬರುವವರೆಗೆ ಆಟವಿಲ್ಲ. ಬೇಡ ಅನ್ನಬೇಕಾಗಿದ್ದವರು ಯಾರು? ಇದನ್ನು ಮಾತಾಡೋಣ ಅಂತ.

ಹಲಸೂರು ಹತ್ತು:

ಬರೆದದ್ದು ಚೆನ್ನಾಗಿದೆ, ಆದರೆ ಒಂದು ತಕರಾರು. ಇಂಗ್ಲೆಂಡಿನ ನಡುಆಟಗಾರ ಬೆಲ್ಲಿಂಗ್‌ಹ್ಯಾಮ್ ಕೂಡ ಹದಿನಾರಕ್ಕೇ ಬರ್ಮಿಂಗ್‌ಹ್ಯಾಮ್‌ಗೆ ಆಡಿದ, ಹದಿನೇಳಕ್ಕೆ ಡಾರ್ಟ್ಮಂಡ್, ಆಮೇಲೆ ಅದೇ ಯೂರೊಗೂ ಬಂದ. ಅವನೂ ಕಮ್ಮಿ ಆಡಿದವನಲ್ಲ. ಅವನ ತೊಡೆ ಹೀಗೆ ಪದೇ ಪದೇ ಹೋಗಲಿಲ್ಲ. ಇನ್ನೊಂದು, ಯೂರೊ ಮುಗಿಸಿ ಒಲಿಂಪಿಕ್ಸಿಗೆ ಹೋದ ಸ್ಪೇನ್ ಆಟಗಾರರು ಪೆಡ್ರಿ ಸೇರಿ ಆರು ಜನ. ಗೋಲ್‌ಕೀಪರ್ ಉನಾಯ್ ಸಿಮೋನ್, ಪಾವ್ ಟೊರೆಸ್, ಎರಿಕ್ ಗಾರ್ಸಿಯಾ, ಓಲ್ಮೊ, ಒಯಾರ್ಸಬಾಲ್. ಅವರಲ್ಲಿ ಹೆಚ್ಚಿನವರು ಮುಂದಿನ ತಿಂಗಳೇ ಮಲಗಲಿಲ್ಲವಲ್ಲ. ಹಾಗಾಗಿ ಮೈಕಟ್ಟಿನ ಪಾಲೂ ಇದೆ ಅನ್ನಿಸುತ್ತದೆ ನನಗೆ.

ಫಿಸಿಯೋ ಮೈಸೂರು:

ನಾನು ವೃತ್ತಿಯಿಂದ ಫಿಸಿಯೋ, ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರನ್ನು ನೋಡುತ್ತೇನೆ. ಪೆಡ್ರಿಯನ್ನು ಪರೀಕ್ಷೆ ಮಾಡದೆ ಅವನ ಬಗ್ಗೆ ಖಚಿತ ಹೇಳಿಕೆ ಕೊಡುವುದು ನನ್ನಿಂದಾಗದು, ಸಾಮಾನ್ಯವಾಗಿ ಸ್ನಾಯು ಹೇಗೆ ಕೆಡುತ್ತದೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಹತ್ತು ಸರ್, ನೀವು ಕೊಟ್ಟ ಪಟ್ಟಿಯಲ್ಲೇ ಉತ್ತರ ಇದೆ. ಗೋಲ್‌ಕೀಪರ್ ಓಡುವ ಓಟವೂ ನಡುಆಟಗಾರ ಓಡುವ ಓಟವೂ ಒಂದೇ ಅಲ್ಲ. ಉಳಿದವರೆಲ್ಲ ಪೆಡ್ರಿಗಿಂತ ದೊಡ್ಡವರು, ಹಿಂದೆ ಕೆಲವು ವರ್ಷದ ಸೀನಿಯರ್ ಆಟ ಮೈಗೂಡಿದವರು. ಸ್ನಾಯು ಭಾರಕ್ಕೆ ಒಗ್ಗಿಕೊಳ್ಳುವುದು ನಿಧಾನ. ವರ್ಷಕ್ಕೆ 35 ಪಂದ್ಯ ಆಡುತ್ತಿದ್ದ ಮೈ ಮುಂದಿನ ವರ್ಷ ಅದರ ಎರಡರಷ್ಟು ಆಡಿದರೆ, ಆ ಜಿಗಿತವೇ ಅಪಾಯ. ಒಟ್ಟು ಸಂಖ್ಯೆಗಿಂತ ಅದು ಎಷ್ಟು ಬೇಗ ಏರಿತು ಅನ್ನುವುದನ್ನು ನಾವು ಮೊದಲು ಕೇಳುತ್ತೇವೆ.

ಎರಡನೆಯದು ಜನರ ಕಣ್ಣಿಗೆ ಬೀಳದ್ದು. ಸೀಸನ್ ಮುಗಿದ ಮೇಲೆ ಕೆಲವು ವಾರ ರಜೆ, ಆಮೇಲೆ ಪ್ರೀಸೀಸನ್, ಅಂದರೆ ಹೊಸ ಸೀಸನ್ನಿಗೆ ಮುಂಚಿನ ತಯಾರಿ. ಆ ಪ್ರೀಸೀಸನ್‌ನಲ್ಲೇ ತೊಡೆ, ಪೃಷ್ಠ, ಸೊಂಟದ ಬಲ ಕಟ್ಟುವುದು. ಪಂದ್ಯಗಳ ನಡುವೆ ಆ ಕೆಲಸಕ್ಕೆ ಸಮಯವೇ ಸಿಗದು, ಚೇತರಿಸಿಕೊಳ್ಳುವುದರಲ್ಲೇ ವಾರ ಮುಗಿಯುತ್ತದೆ. 2021ರಲ್ಲಿ ಪೆಡ್ರಿಗೆ ಪ್ರೀಸೀಸನ್ ಅನ್ನುವುದೇ ಇರಲಿಲ್ಲ. ಆಗಸ್ಟಿನಲ್ಲಿ ಎರಡು ಪಂದ್ಯ ಆಡಿಸಿ ಆಮೇಲೆ ಸಣ್ಣ ರಜೆ ಕೊಟ್ಟರು. ರಜೆಯಿಂದ ಬಂದವನು ನೇರ ಬಾಯರ್ನ್ ಎದುರಿಗೆ.

ಮೂರನೆಯದು, ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಯಾವ ಫಿಸಿಯೋ ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ. ಹಾಗಾಗಿ 2022ರ ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್ ವಿರುದ್ಧ, 2023ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ, 2024ರ ಮಾರ್ಚ್‌ನಲ್ಲಿ ಬಿಲ್ಬಾವೊದಲ್ಲಿ ಆದದ್ದನ್ನೆಲ್ಲ ಬಿಡಿಬಿಡಿ ದುರದೃಷ್ಟ ಎಂದು ಓದಬೇಡಿ. ಮೊದಲನೆಯದು ಆಗದಂತೆ ನೋಡಿಕೊಂಡಿದ್ದರೆ ಉಳಿದವುಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವೋ ಏನೋ.

ಧಾರವಾಡ ಮೈದಾನ:

ನೋಡ್ರಿ, ಎಲ್ಲಾರೂ ಗಾಯದ ಮಾತೇ ಆಡಾಕತ್ತೀರಿ. ಆ ಹುಡುಗ ಏನು ಆಡತಿದ್ದ ಅನ್ನೋದನ್ನೂ ಒಂದೀಟು ಹೇಳೂಣಲ್ಲ. ಯಾಕಂದ್ರ ಅಂವಾ ಅಷ್ಟು ಚೊಲೋ ಆಡಿದ್ದಕ್ಕ ಯಾರಿಗೂ ಹೊರಗ ಕೂಡಸಾಕ ಮನಸ್ಸು ಬರಲಿಲ್ಲ.

2021ರ ಜನವರಿ 6, ಬಿಲ್ಬಾವೊದಾಗ ಅಥ್ಲೆಟಿಕ್ ವಿರುದ್ಧ. ಆ ಮ್ಯಾಚ್ ಮತ್ತ ಮತ್ತ ನೋಡೇನ್ರಿ. ಮೊದಲ ಅಥ್ಲೆಟಿಕ್‌ನವರು ಗೋಲ್ ಹಾಕಿದ್ರು. ಬಾರ್ಸಿಲೋನಾದ ಡಿ ಯಾಂಗ್ ಗೋಲ್ ಲೈನ್ ಹಂತ್ಯಾಕಿಂದ ಎತ್ತಿ ಕೊಟ್ಟ ಚೆಂಡಿಗೆ ಪೆಡ್ರಿ ತಲಿ ಕೊಟ್ಟು ಸಮ ಮಾಡಿದ. ಅದು ದೊಡ್ಡ ಮಾತಲ್ಲ. ಆಮ್ಯಾಲಿಂದು ನೋಡ್ರಿ. ಮೆಸ್ಸಿ ಬಾಕ್ಸಿನ ಹಂತ್ಯಾಕ ಪೆಡ್ರಿಗೆ ಚೆಂಡು ಕೊಟ್ಟು ಓಡಿದ. ಪೆಡ್ರಿ ಬೆನ್ನು ಹಾಕಿ ನಿಂತಾನ, ಮೆಸ್ಸಿ ಅವನ ಕಣ್ಣಿಗೆ ಕಾಣಂಗಿಲ್ಲ. ಹಿಮ್ಮಡಿಲೇ ಚೆಂಡು ಹಿಂದಕ್ಕ ತಳ್ಳಿದ, ಸೀದಾ ಮೆಸ್ಸಿ ಕಾಲಿಗೆ. ಗೋಲ್. ಹದಿನೆಂಟು ತುಂಬಿ ಎರಡು ತಿಂಗಳೂ ಆಗಿಲ್ಲ ಅವಗ! ಮೆಸ್ಸಿ ಜೋಡಿ ಆಡೂದಂದ್ರ ದೊಡ್ಡ ದೊಡ್ಡವರೂ ಹೆದರಿ ಎಲ್ಲಾ ಚೆಂಡೂ ಅವನ ಕಾಲಿಗೇ ಹಾಕತಿದ್ರು. ಇಂವಾ ಹಂಗ ಮಾಡಲಿಲ್ಲ. ಕೊಡಬೇಕಾದಾಗ ಕೊಟ್ಟ, ಇಟ್ಟುಕೋಬೇಕಾದಾಗ ಇಟ್ಟುಕೊಂಡ. ಅದಕ್ಕ ಮೆಸ್ಸಿ ಅವನನ್ನ ಹುಡಿಕ್ಯಾಡಿ ಪಾಸ್ ಕೊಡಾಕ ಚಾಲೂ ಮಾಡಿದ.

ಹೊಸಬ:

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ನಾನು ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದು ಕತಾರ್ ವಿಶ್ವಕಪ್‌ನಿಂದ. ಬಾರ್ಸಿಲೋನಾದ ಆ ಮೊದಲ ಸೀಸನ್ನಿನಲ್ಲಿ ಅವನು 50ಕ್ಕೂ ಹೆಚ್ಚು ಪಂದ್ಯ ಆಡಿ ಹೊಡೆದದ್ದು ನಾಲ್ಕೇ ಗೋಲು ಅಂತ ಓದಿದೆ. ಅಂಥವನಿಗೆ ಯುವ ಆಟಗಾರರ ಪ್ರಶಸ್ತಿಗಳಾದ ಗೋಲ್ಡನ್ ಬಾಯ್, ಕೋಪಾ ಟ್ರೋಫಿ ಎರಡೂ ಯಾಕೆ ಕೊಟ್ಟರು? ಪಂದ್ಯ ನೋಡುವಾಗ ಅವನಲ್ಲಿ ಏನನ್ನು ನೋಡಬೇಕು?

ಮಕ್ಕಳ ಕೋಚ್:

ಹೊಸಬರೇ, ಒಳ್ಳೆಯ ಪ್ರಶ್ನೆ. ಒಂದು ಪಂದ್ಯದಲ್ಲಿ ಹತ್ತು ನಿಮಿಷ ಚೆಂಡನ್ನು ನೋಡಬೇಡಿ, ಪೆಡ್ರಿಯ ತಲೆಯನ್ನೇ ನೋಡಿ. ಚೆಂಡು ಬೇರೆಯವರ ಕಾಲಲ್ಲಿರುವಾಗ ಅವನ ತಲೆ ಎಡಕ್ಕೆ, ಬಲಕ್ಕೆ, ಭುಜದ ಮೇಲಿಂದ ಹಿಂದಕ್ಕೆ ತಿರುಗುತ್ತಲೇ ಇರುತ್ತದೆ. ಚೆಂಡು ಕಾಲಿಗೆ ತಾಗುವ ಮೊದಲೇ ಹಿಂದೆ ಯಾರು ಬರುತ್ತಿದ್ದಾನೆ, ಯಾವ ಕಡೆ ಜಾಗ ಇದೆ ಅನ್ನುವುದು ಅವನಿಗೆ ಗೊತ್ತಾಗಿರುತ್ತದೆ. ಇದನ್ನು ನಾವು ಸ್ಕ್ಯಾನಿಂಗ್ ಅನ್ನುತ್ತೇವೆ. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಪ್ರೊಫೆಸರ್ ವರ್ಷಾನುಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಹೆಚ್ಚು ಸಲ ಸುತ್ತ ನೋಡುವ ನಡುಆಟಗಾರರ ಪಾಸ್‌ಗಳು ಹೆಚ್ಚು ಗುರಿ ಮುಟ್ಟುತ್ತವೆ ಅನ್ನುವುದು ಅವರ ಕೆಲಸದಲ್ಲಿ ಕಾಣುತ್ತದೆ. ಅವರು ಅಳೆದವರಲ್ಲಿ ಬಾರ್ಸಿಲೋನಾದ ಹಿಂದಿನ ನಡುಆಟಗಾರ ಚಾವಿ ತೀರಾ ಮೇಲಿನ ಸಾಲಿನವರು.

ಎರಡನೆಯದು, ಅವನು ಚೆಂಡಿಗೆ ನೆಟ್ಟಗೆ ಎದುರಾಗಿ ನಿಲ್ಲುವುದಿಲ್ಲ. ಅರ್ಧ ಓರೆಯಾಗಿ ನಿಲ್ಲುತ್ತಾನೆ. ದೂರದ ಕಾಲಿಗೆ ಚೆಂಡು ತೆಗೆದುಕೊಂಡರೆ ಅದೇ ಸ್ಪರ್ಶದಲ್ಲಿ ಮುಂದಕ್ಕೆ ತಿರುಗಿಬಿಡಬಹುದು. ನಮ್ಮ ಮಕ್ಕಳು ಇದರಲ್ಲೇ ಸೋಲುವುದು. ಬೆನ್ನು ಹಾಕಿ ನಿಂತು ಚೆಂಡು ತೆಗೆದುಕೊಂಡು, ನಿಲ್ಲಿಸಿ, ಆಮೇಲೆ ತಲೆ ಎತ್ತಿ ಹುಡುಕುತ್ತಾರೆ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ.

ನಾನು ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಹುಡುಗನ ಹಿಂದೆ ಐದಾರು ಮೀಟರ್ ದೂರದಲ್ಲಿ ಇಬ್ಬರು ನಿಲ್ಲುತ್ತಾರೆ, ಒಬ್ಬನ ಕೈಯಲ್ಲಿ ಹಳದಿ ಕೋನ್, ಇನ್ನೊಬ್ಬನ ಕೈಯಲ್ಲಿ ಕೆಂಪು. ನಾನು ಮುಂದಿನಿಂದ ಪಾಸ್ ಹೊಡೆಯುತ್ತೇನೆ. ಚೆಂಡು ನನ್ನ ಕಾಲಿನಿಂದ ಹೊರಟ ಮೇಲೆ ಇಬ್ಬರಲ್ಲಿ ಒಬ್ಬ ಕೋನ್ ಎತ್ತುತ್ತಾನೆ. ಹುಡುಗ ಚೆಂಡು ತಾಗುವ ಮೊದಲು ತಿರುಗಿ ನೋಡಿ ಬಣ್ಣ ಕೂಗಬೇಕು, ಎತ್ತಿದವನಿಗೆ ಎರಡನೇ ಸ್ಪರ್ಶದಲ್ಲೇ ಚೆಂಡು ಕೊಡಬೇಕು. ಮೊದಮೊದಲು ಬಣ್ಣ ನೋಡಲು ಹೋಗಿ ಚೆಂಡು ಕಾಲ ಕೆಳಗೆ ನುಸುಳಿಬಿಡುತ್ತದೆ. ಕೆಲವು ವಾರದ ಮೇಲೆ ಕೂಗು ಮೊದಲು ಬರುತ್ತದೆ, ಚೆಂಡು ಆಮೇಲೆ. ಆ ಬದಲಾವಣೆ ಕಂಡ ದಿನ ನನಗೆ ಆಗುವ ಖುಷಿ ಯಾವ ಟೂರ್ನಮೆಂಟ್ ಗೆದ್ದಾಗಲೂ ಆಗಿಲ್ಲ.

ಗೋಲಿನ ಲೆಕ್ಕದ ಬಗ್ಗೆ: ಗೋಲಿಗೆ ಮುಂಚಿನ ಪಾಸ್ ಅಸಿಸ್ಟ್ ಎಂದು ಬರೆದುಕೊಳ್ಳುತ್ತಾರೆ. ಅದಕ್ಕೂ ಮುಂಚಿನ ಪಾಸ್ ಸಾಮಾನ್ಯವಾಗಿ ಯಾರ ಹೆಸರಲ್ಲೂ ಬರುವುದಿಲ್ಲ. ಪೆಡ್ರಿ ಬದುಕುವುದೇ ಆ ಪಾಸ್‌ನಲ್ಲಿ.

ಕರಾವಳಿ ಎಡಗಾಲು:

ಕೋಚ್ ಹೇಳಿದ್ದು ಸರಿ ಮಾರಾಯ್ರೆ. ಅದಕ್ಕೆ ಒಂದು ಸೇರಿಸುತ್ತೇನೆ. ಕನೇರಿ ದ್ವೀಪದ ಆಟಕ್ಕೆ ಅದರದ್ದೇ ಒಂದು ಹದ ಉಂಟು. ಸ್ಪೇನಿಗೆ ಆಡಿದ ನಡುಆಟಗಾರರು ಹುವಾನ್ ಕಾರ್ಲೋಸ್ ವಲೆರೋನ್ ಮತ್ತು ದಾವಿದ್ ಸಿಲ್ವಾ ಇಬ್ಬರೂ ಗ್ರಾನ್ ಕನೇರಿಯದ ಅರ್ಗಿನೆಗಿನ್ ಎಂಬ ಒಂದೇ ಮೀನುಗಾರರ ಊರಿನವರು. ಇಬ್ಬರೂ ದಡದಡ ಓಡುವವರಲ್ಲ, ಇಬ್ಬರೂ ಚೆಂಡನ್ನು ಬೇಕಾದಷ್ಟು ಹೊತ್ತು ಕಾಲಡಿಯಲ್ಲಿ ಇಟ್ಟುಕೊಂಡು ಎದುರಾಳಿಯನ್ನು ಕಾಯಿಸುವವರು. ಪೆಡ್ರಿ ಟೆನೆರಿಫೆಯವನಾದರೂ ಅದೇ ನೀರು ಕುಡಿದವ. ಬಾರ್ಸಿಲೋನಾದ ಅಕಾಡೆಮಿ ಲಾ ಮಾಸಿಯಾದಲ್ಲಿ ಬೆಳೆದವ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ಲ. ಬಾರ್ಸಿಲೋನಾಕ್ಕೆ ಬರುವಾಗಲೇ ಅವನ ಆಟ ತಯಾರಾಗಿತ್ತು.

ಅದರ ರುಚಿ ನೋಡಬೇಕಾದರೆ 2022ರ ಮಾರ್ಚ್ 17, ಇಸ್ತಾಂಬುಲ್, ಗಲಾಟಸರಾಯ್ ವಿರುದ್ಧದ ಗೋಲು ನೋಡಿ. ಬಾಕ್ಸಿನ ಒಳಗೆ ಚೆಂಡು ಸಿಕ್ಕಿತು. ಹೊಡೆಯುವ ಹಾಗೆ ಕಾಲೆತ್ತಿದ, ಒಬ್ಬ ಡಿಫೆಂಡರ್ ಜಾರಿ ಬಿದ್ದ. ಮತ್ತೆ ಕಾಲೆತ್ತಿದ, ಇನ್ನೊಬ್ಬ ಬಿದ್ದ. ಆಮೇಲೆ ನಿಧಾನಕ್ಕೆ ಒಳಗೆ ತಳ್ಳಿದ. ಆ ಗದ್ದಲದ ಸ್ಟೇಡಿಯಂನಲ್ಲಿ ಅವನೊಬ್ಬನಿಗೆ ಮಾತ್ರ ಸಮಯ ಇತ್ತು. ಎರಡೇ ವಾರ ಕಳೆದು ಸೆವಿಯ್ಯಾ ವಿರುದ್ಧ ಬಾಕ್ಸಿನ ಹೊರಗಿನಿಂದ ಅದೇ ರೀತಿ ಇಬ್ಬರನ್ನು ಮೋಸ ಮಾಡಿ ಕೆಳಗಿನ ಮೂಲೆಗೆ ಹೊಡೆದ, ಅದೊಂದೇ ಗೋಲಿನಿಂದ ಪಂದ್ಯ ಗೆದ್ದರು.

ನಡುಅಂಗಳ:

ಎಲ್ಲರಿಗೂ ಧನ್ಯವಾದ, ವಿಶೇಷವಾಗಿ ಫಿಸಿಯೋ ಅವರಿಗೆ. ಧಾರವಾಡದವರು ಹೇಳಿದ್ದನ್ನೇ ಮುಂದುವರಿಸುತ್ತೇನೆ, ಯಾಕೆಂದರೆ ಕೂರಿಸಲು ಯಾರಿಗೂ ಮನಸ್ಸಾಗಲಿಲ್ಲ ಅನ್ನುವುದೇ ಈ ಕಥೆಯ ತಿರುಳು.

ಸ್ಪೇನ್ ಕೋಚ್ ಆಗಿದ್ದ ಲೂಯಿಸ್ ಎನ್ರಿಕೆ ಯೂರೊದಲ್ಲಿ ಅವನನ್ನು ಆರೂ ಪಂದ್ಯಗಳಲ್ಲಿ ಆಡಿಸಿದರು. ಮೂರು ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದವು. ಒಟ್ಟು 630 ನಿಮಿಷದಲ್ಲಿ ಪೆಡ್ರಿ ಹೊರಗೆ ಬಂದದ್ದು ಸ್ವಿಟ್ಜರ್‌ಲೆಂಡ್ ವಿರುದ್ಧ ಕೊನೆಯ ಗಳಿಗೆಯಲ್ಲಿ, ಪೆನಾಲ್ಟಿಗಾಗಿ ರೋಡ್ರಿಯನ್ನು ಇಳಿಸಿದಾಗ. ಬದಲಿಸದಿರಲು ಕಾರಣವೂ ಇತ್ತು. ಕ್ರೊವೇಷಿಯಾ ವಿರುದ್ಧ ಅವನು ಹಿಂದಕ್ಕೆ ಕೊಟ್ಟ ಚೆಂಡು ಉನಾಯ್ ಸಿಮೋನ್ ಕಾಲಿಗೆ ಸಿಗದೆ ಗೋಲಿನೊಳಗೆ ಹೋಯಿತು, ಲೆಕ್ಕದಲ್ಲಿ ಅದು ಪೆಡ್ರಿಯ ಸ್ವಂತ ಗೋಲು. ದೊಡ್ಡವರಿಗೇ ಕಾಲು ನಡುಗುತ್ತಿತ್ತು. ಈ ಹುಡುಗ ಮುಂದಿನ ನಿಮಿಷವೇ ಚೆಂಡು ಕೊಡಿ ಎಂದು ಕೈ ಎತ್ತಿದ, ಆ ಪಂದ್ಯವನ್ನು ಸ್ಪೇನ್ 5-3ರಿಂದ ಗೆದ್ದಿತು. ಇಟಲಿ ವಿರುದ್ಧದ ಸೆಮಿಫೈನಲ್ ನಮಗೆ ಮಧ್ಯರಾತ್ರಿ ಹನ್ನೆರಡೂವರೆಗೆ. ಎದುರಿಗೆ ಜೋರ್ಜಿನ್ಯೊ, ವೆರಾಟಿ, ಬರೆಲ್ಲಾ. 120 ನಿಮಿಷದಲ್ಲಿ ಅವನ 66 ಪಾಸ್‌ಗಳಲ್ಲಿ ಗುರಿ ತಪ್ಪಿದ್ದು ಒಂದು. ನಿಗದಿತ 90 ನಿಮಿಷದಲ್ಲಿ ಒಂದೂ ಇಲ್ಲ. ಹದಿನೆಂಟರಲ್ಲಿ ಇನಿಯೆಸ್ಟಾ ಕೂಡ ಹೀಗೆ ಆಡಿರಲಿಲ್ಲ ಅನ್ನುವ ಅರ್ಥದಲ್ಲಿ ಎನ್ರಿಕೆ ಆಮೇಲೆ ಮಾತಾಡಿದರು. ಟೂರ್ನಿಯ ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿ ಅವನಿಗೇ ಬಂತು.

ಎನ್ರಿಕೆ ಮಾಡಿದ್ದು ಎನ್ರಿಕೆ ಕೆಲಸ. ಕೂಮನ್ ಮಾಡಿದ್ದು ಕೂಮನ್ ಕೆಲಸ, ಸಾಲದಲ್ಲಿ ಮುಳುಗಿದ ಕ್ಲಬ್ಬಿಗೆ ಆ ವರ್ಷ ಬೇರೆ ದಾರಿ ಇರಲಿಲ್ಲ. ಯೂರೊ ಆದಮೇಲೆ ಒಲಿಂಪಿಕ್ಸ್ ಅತಿಯಾಯಿತು ಎಂದು ಕೂಮನ್ ಬಹಿರಂಗವಾಗಿಯೇ ಹೇಳಿದರು. ಒಲಿಂಪಿಕ್ಸಿಗೆ ಆಟಗಾರರನ್ನು ಬಿಟ್ಟುಕೊಡಲೇಬೇಕು ಎಂದು ಫಿಫಾ ನಿಯಮದಲ್ಲಿ ಇಲ್ಲ, ಆದರೆ ಸ್ಪೇನಿನ ಕ್ರೀಡಾ ಕಾನೂನು ದೇಶದ ಕರೆ ಬಂದರೆ ಹೋಗಬೇಕು ಅನ್ನುತ್ತದೆ. ಹುಡುಗನಿಗೋ ಒಲಿಂಪಿಕ್ಸ್ ಆಡುವ ಆಸೆ. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರ ಉತ್ತರವೂ ಸರಿ. ಹನ್ನೆರಡು ತಿಂಗಳ ಲೆಕ್ಕವನ್ನು ಒಟ್ಟಿಗೆ ಇಟ್ಟುಕೊಂಡು ಕೂತವರು ಮಾತ್ರ ಯಾರೂ ಇರಲಿಲ್ಲ. ನನ್ನ ಸಿಟ್ಟು ಅದರ ಮೇಲೆ.

ಹಲಸೂರು ಹತ್ತು:

ಲೆಕ್ಕ ಇಟ್ಟವರು ಯಾರೂ ಇರಲಿಲ್ಲ ಅನ್ನುವುದು ನಾಟಿತು. ಆದರೂ ಮೈಕಟ್ಟಿನ ಪಾಲು ಇಲ್ಲವೇ ಇಲ್ಲ ಅಂತ ಹೇಳಬೇಡಿ. ಬಾರ್ಸಿಲೋನಾದ ಇನ್ನೊಬ್ಬ ಹುಡುಗ ಅನ್ಸು ಫಾತಿಯನ್ನೇ ನೋಡಿ. 2020ರ ಅಕ್ಟೋಬರ್ 20ಕ್ಕೆ ಫೆರೆಂಕ್ವಾರೊಷ್ ವಿರುದ್ಧ ಅನ್ಸು, ಪೆಡ್ರಿ ಇಬ್ಬರೂ ಗೋಲು ಹೊಡೆದರು. ಚಾಂಪಿಯನ್ಸ್ ಲೀಗ್‌ನ ಒಂದೇ ಪಂದ್ಯದಲ್ಲಿ ಒಂದೇ ತಂಡದ ಹದಿನೆಂಟರೊಳಗಿನ ಇಬ್ಬರು ಗೋಲು ಹೊಡೆದದ್ದು ಅದೇ ಮೊದಲು. ಮೂರು ವಾರ ಆಗುವ ಮೊದಲೇ, ನವೆಂಬರ್ 7ಕ್ಕೆ ಬೆಟಿಸ್ ವಿರುದ್ಧ, ಪೆಡ್ರಿ ಲಾ ಲಿಗಾದಲ್ಲಿ ಮೊದಲ ಗೋಲು ಹೊಡೆದ. ಅದೇ ಪಂದ್ಯದಲ್ಲಿ ಅನ್ಸು ಮಂಡಿ ಹೋಯಿತು. ಅನ್ಸು ಆಗ 70 ಪಂದ್ಯ ಆಡಿರಲಿಲ್ಲ. ಒಬ್ಬ ಅಲ್ಲಿಂದ ಮೇಲೆ ಹೋದ, ಇನ್ನೊಬ್ಬ ಮೊದಲಿನಂತೆ ಆಗಲೇ ಇಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಫಿಸಿಯೋ ಮೈಸೂರು:

ಹೌದು, ಅನ್ಸುದು ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೆತ್ತೆ, ಅದರ ಕಥೆ ಬೇರೆ. ಎದುರಾಳಿ ತಾಗಿ ಆಗುವ ಗಾಯವನ್ನೂ ಓಡುತ್ತಾ ಓಡುತ್ತಾ ತಾನಾಗಿ ಹರಿಯುವ ಸ್ನಾಯುವನ್ನೂ ಒಂದೇ ತಕ್ಕಡಿಗೆ ಹಾಕಬಾರದು. 2024ರ ಯೂರೊದಲ್ಲಿ ಜರ್ಮನಿ ವಿರುದ್ಧ ಕ್ರೂಸ್ ಬಂದು ಹೊಡೆದು ಪೆಡ್ರಿಯ ಮಂಡಿಗೆ ಪೆಟ್ಟಾಯಿತಲ್ಲ, ಅದಕ್ಕೆ ಯಾವ ವಿಶ್ರಾಂತಿಯೂ ಔಷಧವಲ್ಲ. ನಾನು ಮಾತಾಡುತ್ತಿರುವುದು ತೊಡೆಯ ಬಗ್ಗೆ ಮಾತ್ರ.

ವೆಸ್ಟ್ ಬ್ಲಾಕಿನವ:

ಕಂಠೀರವದಲ್ಲಿ ಕೂತು ಇದನ್ನೆಲ್ಲ ಓದುವಾಗ ನನಗೆ ಸುರೇಶ್ ಸಿಂಗ್ ವಾಂಗ್ಜಮ್ ನೆನಪಾಗುತ್ತಾನೆ. ಮಣಿಪುರದ ಹುಡುಗ, 2000ದ ಆಗಸ್ಟಿನಲ್ಲಿ ಹುಟ್ಟಿದವನು, ಪೆಡ್ರಿಗಿಂತ ಎರಡು ವರ್ಷ ದೊಡ್ಡವನು, ಅವನೂ ನಡುಆಟಗಾರ. 2017ರಲ್ಲಿ ದಿಲ್ಲಿಯಲ್ಲಿ ಅಂಡರ್-17 ವಿಶ್ವಕಪ್ ಆಡಿದ. ಅಮೆರಿಕ, ಕೊಲಂಬಿಯಾ, ಘಾನಾ ಮೂವರ ಕೈಲೂ ಸೋತೆವು, ಆದರೆ ಆ ಹುಡುಗರ ಮೇಲೆ ನಾವೆಲ್ಲ ಪ್ರಾಣ ಇಟ್ಟುಕೊಂಡಿದ್ದೆವು. ಆಮೇಲೆ ಇಂಡಿಯನ್ ಆರೋಸ್, 2019ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ. 2021ರ ಮಾರ್ಚ್ 25ಕ್ಕೆ ಒಮಾನ್ ವಿರುದ್ಧ ಭಾರತದ ಸೀನಿಯರ್ ತಂಡಕ್ಕೆ ಬಂದ. ಪೆಡ್ರಿ ಸ್ಪೇನ್ ತಂಡಕ್ಕೆ ಬಂದದ್ದೂ ಅದೇ ದಿನ!

ನಮ್ಮ ಕಡೆ ಕಷ್ಟ ಉಲ್ಟಾ. 2019-20ರ ನಮ್ಮ ದೇಶದ ಲೀಗ್ ಐಎಸ್‌ಎಲ್‌ನಲ್ಲಿ ಲೀಗ್ ಹಂತಕ್ಕೆ ಒಂದು ತಂಡಕ್ಕೆ 18 ಪಂದ್ಯ. ಲಾ ಲಿಗಾದಲ್ಲಿ 38. ಹತ್ತೊಂಬತ್ತರ ಹುಡುಗ ಬೆಂಚಿನಲ್ಲಿ ಕೂತರೆ ಅದರಲ್ಲೂ ಅರ್ಧ ಸಿಗದು. ಹುಡುಗರಿಗಾಗಿಯೇ ಫೆಡರೇಷನ್ ನಡೆಸುತ್ತಿದ್ದ ಇಂಡಿಯನ್ ಆರೋಸ್ ತಂಡವನ್ನು 2022ರಲ್ಲಿ ಮುಚ್ಚಿದರು. ಸುರೇಶ್ ಉಳಿದುಕೊಂಡದ್ದು ಬಿಡದ ಓಟದಿಂದ, ಕೋಚ್ ಎಲ್ಲಿ ನಿಲ್ಲಿಸಿದರೂ ಆಡುವ ಮನಸ್ಸಿನಿಂದ. 2021ರಲ್ಲಿ ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ನೇಪಾಳ ವಿರುದ್ಧ ಛೆಟ್ರಿ ಗೋಲಾದ ಮರುನಿಮಿಷವೇ ಅವನದೂ ಗೋಲು, ದೇಶಕ್ಕಾಗಿ ಮೊದಲನೆಯದು. 2022ರಲ್ಲಿ ಬೆಂಗಳೂರು ಜೊತೆ ಡುರಾಂಡ್ ಕಪ್ ಗೆದ್ದ. ಅವನ ಜೊತೆ ದಿಲ್ಲಿಯಲ್ಲಿ ಆಡಿದ ಎಷ್ಟೋ ಹುಡುಗರು ಪಂದ್ಯ ಸಿಗದೆ ಕಣ್ಮರೆಯಾದರು. ಸ್ಪೇನಿನ ಹುಡುಗನಿಗೆ ಬೇಡ ಅನ್ನುವವರು ಬೇಕಿತ್ತು, ನಮ್ಮ ಹುಡುಗರಿಗೆ ಇಳಿಸಿ ನೋಡೋಣ ಅನ್ನುವವರು ಬೇಕು.

ಧಾರವಾಡ ಮೈದಾನ:

ಖರೇ ಮಾತು ಹೇಳಿದ್ರಿ. ನಮ್ಮ ಕಡೆ ಛಲೋ ಆಡೂ ಹುಡುಗರಿಗೆ ವರ್ಷಕ್ಕ ಎರಡು ಟೂರ್ನಮೆಂಟ್ ಸಿಕ್ರ ಪುಣ್ಯ. ಅವೂ ನಾಕು ದಿನದಾಗ ಮುಗದು ಹೋಗತಾವ.

ಹೊಸಬ:

ಕೋಚ್ ಹೇಳಿದ ಹಾಗೆ ನಿನ್ನೆ ಒಂದು ಹಳೇ ಪಂದ್ಯ ಹಾಕಿ ಬರೀ ತಲೆಯನ್ನೇ ನೋಡಿದೆ. ನಿಜಕ್ಕೂ ಬೇರೆಯೇ ಆಟ ಕಾಣಿಸುತ್ತೆ! ಇನ್ನೊಂದು ಕೇಳ್ತೀನಿ. ಅಷ್ಟೆಲ್ಲ ಗಾಯ ಆದವನು 2024-25ರಲ್ಲಿ 50ಕ್ಕೂ ಹೆಚ್ಚು ಪಂದ್ಯ ಆಡಿದನಲ್ಲ, ಅದು ಹೇಗೆ?

ನಡುಅಂಗಳ:

ಅದೇ ನನ್ನ ವಾದಕ್ಕೆ ದೊಡ್ಡ ಸಾಕ್ಷಿ. ಮೈಯೇ ಅಷ್ಟು ಅನ್ನುವುದಾದರೆ ಆ ಸೀಸನ್ ಸಾಧ್ಯವೇ ಇರಲಿಲ್ಲ. 2024ರಲ್ಲಿ ಬಾರ್ಸಿಲೋನಾಕ್ಕೆ ಕೋಚ್ ಆಗಿ ಫ್ಲಿಕ್ ಬಂದರು, ಜೊತೆಗೆ ಫಿಟ್‌ನೆಸ್ ನೋಡಿಕೊಳ್ಳಲು ಹುಲಿಯೊ ತೋಸ್. ಜಿಮ್‌ನಲ್ಲಿ ಬಲ ಕಟ್ಟುವ ಕೆಲಸ ಹೆಚ್ಚಿತು. ಊಟ, ನಿದ್ದೆ, ವ್ಯಾಯಾಮದ ಕ್ರಮ ಬದಲಿಸಿಕೊಂಡಿದ್ದಾಗಿ ಪೆಡ್ರಿಯೂ ಹೇಳಿದ್ದಾನೆ. ಅಷ್ಟು ಹೊತ್ತಿಗೆ ಅವನಿಗೆ ಇಪ್ಪತ್ತೆರಡು ಅನ್ನುವುದನ್ನೂ ಮರೆಯಬಾರದು. ಲಾ ಲಿಗಾ ಗೆದ್ದರು, ಕೋಪಾ ದೆಲ್ ರೇ ಗೆದ್ದರು. 2025ರ ಏಪ್ರಿಲ್ 26ಕ್ಕೆ ಸೆವಿಯ್ಯಾದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಆ ಫೈನಲ್‌ನ ಮೊದಲ ಗೋಲು ಪೆಡ್ರಿಯದೇ, ಬಾಕ್ಸಿನ ಹೊರಗಿನಿಂದ ಹೊಡೆದದ್ದು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ 3-2ರಲ್ಲಿ ಮುಗಿಯಿತು.

ಹತ್ತು ಸರ್ ಹೇಳುವ ಮೈಕಟ್ಟಿನ ಪಾಲನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಮೈಕಟ್ಟನ್ನು ಕಟ್ಟಬಹುದಾಗಿತ್ತು, 2021ರಲ್ಲಿ ಅದಕ್ಕೆ ಆರು ವಾರ ಬಿಡಲಿಲ್ಲ.

ಮಕ್ಕಳ ಕೋಚ್:

ಇಷ್ಟೆಲ್ಲ ಓದಿದ ಮೇಲೆ ಫಿಸಿಯೋ ಅವರನ್ನು ಒಂದು ಕೇಳಬೇಕು. ನನ್ನಲ್ಲಿ ಹದಿನಾಲ್ಕರ ಒಬ್ಬ ಹುಡುಗ ಇದ್ದಾನೆ, ನಡುಆಟಗಾರನೇ. ಶಾಲೆ ತಂಡಕ್ಕೆ ಆಡುತ್ತಾನೆ, ನಮ್ಮ ಅಕಾಡೆಮಿಗೆ ಆಡುತ್ತಾನೆ, ಭಾನುವಾರ ಬಡಾವಣೆಯವರ ಸೆವೆನ್ಸ್‌ಗೂ (ಏಳೇಳು ಜನರ ಆಟ) ಕರೆದುಕೊಂಡು ಹೋಗುತ್ತಾರೆ. ಚೆನ್ನಾಗಿ ಆಡುತ್ತಾನೆ, ಹಾಗಾಗಿ ಎಲ್ಲರಿಗೂ ಬೇಕು. ಈಚೆಗೆ ಮಂಡಿ ಕೆಳಗೆ ನೋವು ಅನ್ನುತ್ತಿದ್ದಾನೆ. ಅಪ್ಪ ಅಮ್ಮನಿಗೆ ಏನು ಹೇಳಲಿ?

ಫಿಸಿಯೋ ಮೈಸೂರು:

ಕೋಚ್ ಸರ್, ಮೊದಲು ಆ ನೋವನ್ನು ಮೂಳೆ ಡಾಕ್ಟರಿಗೋ ಹತ್ತಿರದ ಫಿಸಿಯೋಗೋ ತೋರಿಸಿ. ಈ ವಯಸ್ಸಲ್ಲಿ ಮಂಡಿ ಚಿಪ್ಪಿನ ಕೆಳಗೆ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ, ಬೆಳವಣಿಗೆಯ ಭಾಗ ಇನ್ನೂ ಮೆತ್ತಗಿರುತ್ತದೆ. ಓಟ, ಜಿಗಿತ ಅತಿಯಾದರೆ ಅಲ್ಲೇ ಉಬ್ಬಿ ನೋಯುತ್ತದೆ. ತುಂಬಾ ಮಕ್ಕಳಲ್ಲಿ ಕಾಣುವಂಥದ್ದು, ಸಾಮಾನ್ಯವಾಗಿ ಭಾರ ಇಳಿಸಿದರೆ ಸರಿಹೋಗುತ್ತದೆ. ನೋವಿನ ಮಾತ್ರೆ ನುಂಗಿಸಿ ಆಡಿಸುವುದು ಮಾತ್ರ ಬೇಡ.

ಆಮೇಲೆ ಅವನ ಕೈಗೆ ಒಂದು ನೋಟ್‌ಬುಕ್ ಕೊಡಿ. ಆಡಿದ ದಿನ, ಯಾವ ತಂಡಕ್ಕೆ, ಎಷ್ಟು ನಿಮಿಷ, ಮರುದಿನ ಬೆಳಗ್ಗೆ ಎದ್ದಾಗ ಎಲ್ಲಿ ನೋವು, ರಾತ್ರಿ ಎಷ್ಟು ಗಂಟೆ ನಿದ್ದೆ. ಶಾಲೆಯ ಪಿಟಿ ಮೇಷ್ಟ್ರು, ನೀವು, ಬಡಾವಣೆಯವರು ಮೂವರೂ ಪಂದ್ಯಕ್ಕೆ ಮುಂಚೆ ಅದೇ ಪುಟ ನೋಡಬೇಕು. ವಾರಕ್ಕೆ ಒಂದು ದಿನವಾದರೂ ಚೆಂಡು ಮುಟ್ಟದ ದಿನ ಇರಲಿ, ವರ್ಷದಲ್ಲಿ ಕೆಲವು ವಾರ ಬೇರೆ ಆಟ ಆಡಲಿ, ಈಜಲಿ. ಸೆವೆನ್ಸ್‌ನವರು ಒಪ್ಪದಿದ್ದರೆ ಅಪ್ಪ ಅಮ್ಮನನ್ನು ಒಮ್ಮೆ ನನ್ನ ಜೊತೆ ಮಾತಾಡಿಸಿ, ಇಲ್ಲಿ ಸಂದೇಶ ಹಾಕಿದರೆ ಸಾಕು.

ಮಕ್ಕಳ ಕೋಚ್:

ಖಂಡಿತ ಮಾಡುತ್ತೇನೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಈ ಭಾನುವಾರದ ಆಟಕ್ಕೆ ಅವನು ಬರುವುದಿಲ್ಲ ಅಂತ ಬಡಾವಣೆಯವರಿಗೆ ಈಗಷ್ಟೇ ಫೋನ್ ಮಾಡಿ ಹೇಳಿದೆ.